ದಾದಾರ ಬಂದೂಕಿಗೆ ಬಳಿದ ಬಣ್ಣ

ನಮ್ಮ ಮನೆಯಲ್ಲಿ ಒಂದು ಬಂದೂಕಿದೆ. ಇದನ್ನು ಬರೆಯಲು ಕುಳಿತಾಗ ಅಮ್ಮಿ, “ಇದೆಲ್ಲ ಪತ್ರಿಕೆಗೆ ಬರೆಯುವ ವಿಷಯವೇ?” ಎಂದು ಕೇಳಿದರು. ಅವರ ಅಳುಕು ನಮಗೆ ಅರ್ಥವಾಗದ್ದೇನಲ್ಲ. ಬಂದೂಕು ಎಂಬ ಮಾತಿನ ಪಕ್ಕದಲ್ಲಿ ನಮ್ಮಂಥವರ ಹೆಸರು ಬಂದರೆ ಓದುವವರ ಹುಬ್ಬು ಮೇಲೇರುತ್ತದೆ ಎಂಬುದು ಅವರ ಅನುಭವ. ಆದರೆ ಇದು ಗುಂಡು ಹಾರಿದ ಕತೆಯಲ್ಲ. ಪ್ರೀತಿಯಿಂದಲೇ, ಆದರೆ ತಿಳಿಯದೆ ಬಳಿದ ಒಂದು ಬಣ್ಣವನ್ನು ಅದರ ಕೆಳಗಿದ್ದುದು ಹಾಳಾಗದಂತೆ ತೆಗೆದ ಕತೆ.

ನಾವು ಮೂವರು ಅಣ್ಣತಮ್ಮಂದಿರು. ಹಿರಿಯವರು ಕೋಲಾರದಲ್ಲಿ ಶಾಲಾ ಮೇಷ್ಟ್ರು. ಅಬ್ಬಾ, ಅಮ್ಮಿ ಅವರ ಜೊತೆಯಲ್ಲೇ ಇದ್ದಾರೆ. ನಡುವಿನವರು ಮುಳಬಾಗಿಲಿನಲ್ಲಿ ಮರಗೆಲಸ ಮತ್ತು ಪಾಲಿಶ್ ಅಂಗಡಿ ಇಟ್ಟುಕೊಂಡಿದ್ದಾರೆ. ಕಿರಿಯವನು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಬೈಕಿನ ಬಿಡಿಭಾಗಗಳಿಗೆ ಬಣ್ಣ ಸಿಂಪಡಿಸುವ ಕೆಲಸದಲ್ಲಿದ್ದಾನೆ. ನಮ್ಮೆಲ್ಲರ ಬೇರು ಇರುವುದು ಶ್ರೀನಿವಾಸಪುರದಲ್ಲಿ, ಮಾವಿನ ತೋಪುಗಳ ನಡುವೆ. ನಮ್ಮ ದಾದಾ ತೋತಾಪುರಿ, ಬಾದಾಮಿ, ನೀಲಂ ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿಯುತ್ತಿದ್ದರು. ಹೂವಿನಿಂದ ಕಾಯಿ ಇಳಿಯುವವರೆಗೆ ಅವರ ಸಂಸಾರವೆಲ್ಲ ತೋಪಿನ ಗುಡಿಸಿಲಿನಲ್ಲೇ. ಗಿಣಿ, ಕೋತಿ, ಬಾವಲಿ, ಕಾಡುಹಂದಿ, ಕೊನೆಗೆ ಕಾಯಿ ಕಳ್ಳರು, ಇಷ್ಟು ಜನರೊಡನೆ ಅವರಿಗೆ ವರ್ಷ ವರ್ಷವೂ ಜಗಳ. ಅದಕ್ಕೆಂದೇ 1960ರ ದಶಕದಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದು ಒಂದು ಹಳೆಯ ಬಂದೂಕನ್ನು ಕೊಂಡರು. ಅದರಿಂದ ಅವರು ಮಾಡುತ್ತಿದ್ದುದು ಹೆಚ್ಚಾಗಿ ಸದ್ದು ಮಾತ್ರ.

ಮೊಮ್ಮಕ್ಕಳು ಅದನ್ನು ರೈಫಲ್ ಎನ್ನುತ್ತಾರೆ. ಅದು ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯ ಒಳಗೆ ತಿರುಪಿನಂತೆ ಸುತ್ತುವ ಗೀರುಗಳಿರುತ್ತವೆ, ಆ ಹೆಸರು ಬಂದದ್ದೂ ಆ ಗೀರುಗಳಿಂದಲೇ. ನಮ್ಮದು ಒಳಗೆ ನುಣುಪಾಗಿರುವ ಒಂಟಿ ನಳಿಗೆಯ, ಹನ್ನೆರಡು ಬೋರಿನ ತೋಟಾ ಬಂದೂಕು. ಆದರೆ ಹೊರಗಿನ ಕಬ್ಬಿಣ, ಹೊರಗಿನ ಮರ, ಅವುಗಳ ಮೇಲಿನ ಹೊದಿಕೆ ಎರಡಕ್ಕೂ ಒಂದೇ ಬಗೆಯದು. ಆದ್ದರಿಂದ ನಾವು ಕಲಿತ ಪಾಠ ಎರಡಕ್ಕೂ ಸಲ್ಲುತ್ತದೆ.

2024ರ ಲೋಕಸಭಾ ಚುನಾವಣೆಗೆ ಮುಂಚೆ ಎಲ್ಲರಂತೆ ಅಬ್ಬಾ ಕೂಡ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಿ ಚೀಟಿ ಪಡೆದರು. ನಮ್ಮ ಕ್ಷೇತ್ರದಲ್ಲಿ ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಅದೆಲ್ಲ ಮುಗಿದ ಮೇಲೆ ಬಂದೂಕು ಮನೆಗೆ ಬಂತು. ಕಿರಿಯವನು ಆ ವಾರ ಕೋಲಾರಕ್ಕೆ ಬಂದಿದ್ದ. ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಕಾಣಿಸಿತು. ಅದು ನಮ್ಮದೇ ಅಲಕ್ಷ್ಯ. ವರ್ಷಗಟ್ಟಲೆ ಗೋಣಿಚೀಲದಲ್ಲಿ ಸುತ್ತಿಟ್ಟು ಎಣ್ಣೆ ತೋರಿಸದೆ ಇದ್ದೆವು. ಮಾಲೂರಿನಲ್ಲಿ ದಿನವಿಡೀ ಕಬ್ಬಿಣಕ್ಕೆ ಬಣ್ಣ ಹೊಡೆದು ತುಕ್ಕಿನಿಂದ ಕಾಪಾಡುವವನು ಅವನು. ಅವನಿಗೆ ಹೊಳೆದ ಉಪಾಯವೂ ಅದೇ. ಅಂಗಡಿಯಿಂದ ಒಂದು ಡಬ್ಬಿ ಕಪ್ಪು ಸ್ಪ್ರೇ ಪೇಂಟ್ ತಂದು, ನಳಿಗೆ, ಘೋಡಾ, ಅದರ ಸುತ್ತಲಿನ ಕಬ್ಬಿಣ ಎಲ್ಲಕ್ಕೂ ಎರಡು ಸುತ್ತು ಹೊಡೆದ. ಒಂದಿಷ್ಟು ಮರದ ಹಿಡಿಯ ಮೇಲೂ ಚಿಮ್ಮಿತು. ಹೊಸ ಬೈಕಿನಂತೆ ಕಾಣುತ್ತದೆ ಎಂದು ಅವನಿಗೆ ಹೆಮ್ಮೆ.

ಅಬ್ಬಾರ ಕಣ್ಣು ಈಗ ಮಂದ. ಅವರು ಬಂದೂಕನ್ನು ಮಡಿಲಿಗೆ ತೆಗೆದುಕೊಂಡು ಬೆರಳುಗಳಿಂದ ತಡವಿದರು. ಮತ್ತೊಮ್ಮೆ ತಡವಿದರು. “ಬೇಟಾ, ಇದು ಯಾರದು?” ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಅದು ಬರಿಯ ಮನಸ್ಸಿನ ನೋವಾಗಿದ್ದರೆ ನಾವು ಸುಮ್ಮನಿದ್ದುಬಿಡುತ್ತಿದ್ದೆವೋ ಏನೋ. ಆದರೆ ಇನ್ನೊಂದು ವಿಷಯವಿತ್ತು. ಅಬ್ಬಾರಿಗೆ ಎಪ್ಪತ್ತು ದಾಟಿದೆ. 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ ಎಪ್ಪತ್ತು ತುಂಬಿದರೆ ಅಥವಾ ಆಯುಧ ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅದನ್ನು ಬಿಟ್ಟುಕೊಡಲು ಅರ್ಜಿ ಹಾಕಬಹುದು. ಹಿರಿಯವರು ಅದರ ಕಾಗದ ಪತ್ರ ಓಡಾಡಿಸುತ್ತಿದ್ದರು. ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಯೂ ಬಂದೂಕಿನ ಮೇಲಿನ ಸಂಖ್ಯೆಯೂ ತಾಳೆಯಾಗಬೇಕು ಎಂದು ಅವರಿಗೆ ಹೇಳಿದ್ದರು. ಆ ಸಂಖ್ಯೆ ಈಗ ಬಣ್ಣದ ಕೆಳಗೆ ಹೂತುಹೋಗಿತ್ತು.

1959ರ ಆಯುಧ ಕಾಯ್ದೆಯ 8ನೆಯ ಕಲಮನ್ನು ಹಿರಿಯವರು ಓದಿ ಹೇಳಿದರು. ಆಯುಧದ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಯಾರೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅಷ್ಟೇ ಅಲ್ಲ, ಅಳಿಸಿದ ಆಯುಧ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರು ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವರ ಮೇಲೆ. ಬಣ್ಣ ಬಳಿದರೆ ಸಂಖ್ಯೆ ಅಳಿದಂತೆ ಆಗಲಿಲ್ಲ, ಮುಚ್ಚಿದಂತೆ ಮಾತ್ರ ಆಯಿತು. ಆದರೆ ಆ ಬಣ್ಣವನ್ನು ಕೆರೆದು ತೆಗೆಯುವಾಗ ಸಂಖ್ಯೆಯೂ ಸವೆದುಹೋದರೆ? ಅಮ್ಮಿ ಆ ರಾತ್ರಿ ಊಟ ಮಾಡಲಿಲ್ಲ.

ಕೊಡಗಿನ ಸ್ನೇಹಿತರಿಗೆ ಇದು ವಿಚಿತ್ರವೆನಿಸಬಹುದು. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಪರವಾನಗಿಯಿಂದಲೇ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ತೋಕ್ ಪೂವಿನಿಂದ ಅಲಂಕರಿಸಿ ಇಡುತ್ತಾರೆ. ನಮ್ಮ ಬಯಲು ಸೀಮೆಯಲ್ಲಿ ಬಂದೂಕಿಗೆ ಹಬ್ಬವಿಲ್ಲ. ಇರುವುದು ಪುಸ್ತಕ, ಸಂಖ್ಯೆ ಮತ್ತು ಗೋಣಿಚೀಲ.

ಮೊದಲ ತಪ್ಪು ಕಿರಿಯವನದಾದರೆ ಎರಡನೆಯದು ನಮ್ಮೆಲ್ಲರದು. ಮರುದಿನ ಬೆಳಗ್ಗೆಯೇ ಎಮರಿ ಕಾಗದ ತಂದು ನಳಿಗೆಯ ತುದಿಯಲ್ಲಿ ಒಂದು ಬೆರಳಗಲ ಉಜ್ಜಿದೆವು. ಬಣ್ಣವೇನೋ ಹೋಯಿತು. ಅದರ ಹಿಂದೆಯೇ ಕೆಳಗಿದ್ದ ನೀಲಿಗಪ್ಪೂ ಹೋಗಿ, ಹೊಸ ಮೊಳೆಯಂತೆ ಬೆಳ್ಳಗೆ ಹೊಳೆಯುವ ಕಬ್ಬಿಣ ಹೊರಬಂತು. ಕೈ ಅಲ್ಲಿಗೇ ನಿಂತಿತು. ಅಮ್ಮಿ ತಮ್ಮ ಉಪಾಯ ಹೇಳಿದರು, ತಾಮ್ರದ ಹಂಡೆಗೆ ಉಜ್ಜುವಂತೆ ಹುಣಸೆಹಣ್ಣು. ಅದನ್ನು ಮಾಡಿದ್ದರೆ ಇನ್ನೂ ಕೆಡುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಆಗ ಕಿರಿಯವನಿಗೆ ಶಿವಾರಪಟ್ಟಣದ ನೆನಪಾಯಿತು. ಮಾಲೂರು ತಾಲ್ಲೂಕಿನ ಆ ಊರು ಕಲ್ಲಿನ ಮತ್ತು ಪಂಚಲೋಹದ ವಿಗ್ರಹಗಳಿಗೆ ಹೆಸರಾದದ್ದು. ಮನೆ ಮನೆಯಲ್ಲೂ ಉಳಿಯ ಸದ್ದು. ಅಲ್ಲಿನ ಒಬ್ಬ ಹಿರಿಯ ಆಚಾರಿಗಳು ಅವನಿಗೆ ಪರಿಚಯ. ಬಂದೂಕನ್ನು ಅಲ್ಲಿಗೆ ಒಯ್ಯಲಿಲ್ಲ. ಪರವಾನಗಿ ಅಬ್ಬಾರ ಹೆಸರಿನಲ್ಲಿದೆ, ಅದನ್ನು ಹೊತ್ತು ಊರೂರು ತಿರುಗುವ ಹಕ್ಕು ನಮಗಿಲ್ಲ. ಅದೇ ಡಬ್ಬಿಯ ಬಣ್ಣ ಹೊಡೆದ ಒಂದು ಹಳೆಯ ಕಬ್ಬಿಣದ ತುಂಡನ್ನು ಮಾತ್ರ ಒಯ್ದೆವು.

ಆಚಾರಿಗಳು ತುಂಡನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಸಾಬ್ರೇ, ಮೇಲಿರೋದು ಏನು ಅಂತ ಹೇಳಿದ್ರಿ. ಕೆಳಗಿರೋದು ಏನು?”

ನಮಗೆ ಗೊತ್ತಿರಲಿಲ್ಲ. ಅವರು ನಕ್ಕು, ಹಳೆಯ ವಿಗ್ರಹಗಳಿಗೆ ಭಕ್ತರು ಎಣ್ಣೆಬಣ್ಣ ಬಳಿದು ತಂದಾಗ ಏನಾಗುತ್ತದೆ ಎಂದು ಹೇಳಿದರು. ಬಣ್ಣ ತೆಗೆಯುವುದು ಕಷ್ಟವಲ್ಲ. ಬಣ್ಣ ತೆಗೆಯುವ ರಭಸದಲ್ಲಿ ಮೂಗು, ಕಣ್ಣು, ಬೆರಳಿನ ಗೆರೆ ಹೋಗಿಬಿಡುತ್ತವೆ. ಮೇಲಿನದು ಕರಗಬೇಕು, ಕೆಳಗಿನದಕ್ಕೆ ತಾಗಬಾರದು. ಅಂಥ ದ್ರವವನ್ನು ಹುಡುಕಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಯಿಂದ ಮೊದಲು ಮುಟ್ಟಿ ನೋಡಿ. ಆಮೇಲೆ ಕಾಯಿರಿ. “ಉಜ್ಜಬೇಡಿ, ಕಾಯಿರಿ” ಎಂದು ಎರಡು ಸಲ ಹೇಳಿದರು.

ಕೆಳಗಿರುವುದು ಏನು ಎಂದು ನಾವು ಅಲ್ಲಿಂದ ತಿಳಿಯಲು ಹೊರಟೆವು. ತಿಳಿದಾಗ ಆಶ್ಚರ್ಯವಾಯಿತು. ಹಳೆಯ ಬಂದೂಕುಗಳ ಆ ನೀಲಿಗಪ್ಪು ಬಣ್ಣವೇ ಅಲ್ಲ. ಅದೂ ಒಂದು ಬಗೆಯ ತುಕ್ಕು! ಕೆಲಸಗಾರರು ನಳಿಗೆಗೆ ಬೇಕೆಂದೇ ನವಿರಾದ ಕೆಂಪು ತುಕ್ಕು ಹಿಡಿಸುತ್ತಿದ್ದರು. ಅದನ್ನು ನೀರಿನಲ್ಲಿ ಕುದಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ನವಿರಾಗಿ ತಿಕ್ಕಿ ತೆಗೆದು ಮತ್ತೆ ತುಕ್ಕು ಹಿಡಿಸುವುದು, ಮತ್ತೆ ಕುದಿಸುವುದು. ಹೀಗೆ ಹಲವು ಸಲ ಮಾಡಿ ಕೊನೆಗೆ ಎಣ್ಣೆ ಹಚ್ಚುತ್ತಿದ್ದರು. ಇದಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಕಪ್ಪು ತುಕ್ಕು ಕಬ್ಬಿಣಕ್ಕೆ ಅಂಟಿಕೊಂಡು, ಎಣ್ಣೆಯನ್ನು ಹಿಡಿದಿಟ್ಟುಕೊಂಡು ಅದನ್ನು ಕಾಯುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡೋ ಮೂರೋ ಪಾಲು. ಎಮರಿ ಕಾಗದಕ್ಕೆ ಅದು ಯಾವ ಲೆಕ್ಕ? ಹುಣಸೆ, ನಿಂಬೆ, ವಿನೆಗರ್, ತುಕ್ಕು ತೆಗೆಯುವ ದ್ರಾವಣಗಳಂತೂ ಹುಳಿಯ ಜಾತಿಯವು. ಅವು ಕೆಂಪು ತುಕ್ಕು, ಕಪ್ಪು ತುಕ್ಕು ಎಂದು ಭೇದ ಮಾಡುವುದಿಲ್ಲ, ಎರಡನ್ನೂ ಕರಗಿಸಿಬಿಡುತ್ತವೆ.

ಇನ್ನು ಮೇಲಿರುವುದು ಏನು? ಇದಕ್ಕೆ ಉತ್ತರ ಹೇಳಬಲ್ಲವನು ಕಿರಿಯವನೇ. ಅಷ್ಟು ದಿನ ತಲೆ ತಗ್ಗಿಸಿ ಕುಳಿತಿದ್ದವನು ಆಗ ಮಾತಾಡಿದ. ಬಣ್ಣ ಒಣಗುವುದರಲ್ಲಿ ಮೂರು ಬಗೆಯಿದೆಯಂತೆ. ಒಂದು, ಒಳಗಿನ ತಿನ್ನರ್ ಆರಿ ಬರಿಯ ಪೊರೆ ಉಳಿಯುವುದು. ಡಬ್ಬಿಯ ಅಕ್ರಿಲಿಕ್ ಸ್ಪ್ರೇಗಳಲ್ಲಿ ಹಲವು ಈ ಬಗೆಯವು. ಅದೇ ತಿನ್ನರ್ ತಾಗಿದರೆ ಇವು ಮತ್ತೆ ಕರಗುತ್ತವೆ. ಎರಡು, ಗಾಳಿಯೊಡನೆ ಕೂಡಿ ಗಟ್ಟಿಯಾಗುವ ಎನಾಮೆಲ್ ಎಣ್ಣೆಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಕರಗುವುದಿಲ್ಲ, ಉಬ್ಬಿ ಸುಕ್ಕಾಗಿ ಏಳುತ್ತದೆ. ಮೂರು, ಕಾರ್ಖಾನೆಯಲ್ಲಿ ಗಟ್ಟಿಕಾರಕ ಬೆರೆಸಿ ಹೊಡೆಯುವ ಅಥವಾ ಒಲೆಯಲ್ಲಿ ಬೇಯಿಸುವ ಬಣ್ಣ. ಅದು ಸುಲಭಕ್ಕೆ ಜಗ್ಗುವುದಿಲ್ಲ. “ನಾನು ಹೊಡೆದದ್ದು ಮೊದಲನೆಯದು” ಎಂದ. ಅಷ್ಟು ಹೇಳಿದ್ದೇ ನಮಗೆಲ್ಲ ಉಸಿರು ಬಂದಂತಾಯಿತು.

ಅಂಗಡಿಯವರು ಪೇಂಟ್ ರಿಮೂವರ್ ಡಬ್ಬಿ ತೋರಿಸಿದ್ದರು. ಕಿರಿಯವನು ಬೇಡವೆಂದ. ಅಂಥ ಕೆಲವು ಡಬ್ಬಿಗಳಲ್ಲಿ ಡೈಕ್ಲೋರೋಮೀಥೇನ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಹಬೆ ಪ್ರಾಣ ತೆಗೆಯಬಲ್ಲದು. ಅಮೆರಿಕದಲ್ಲಿ 2019ರಿಂದ ಮನೆಬಳಕೆಗೆ ಅದನ್ನು ಮಾರುವುದನ್ನೇ ನಿಷೇಧಿಸಿದ್ದಾರೆ. ಕಾಸ್ಟಿಕ್ ಸೋಡಾ ಕೂಡ ಬೇಡವೆಂದು ನಡುವಿನವರು ಹೇಳಿದರು, ಅದು ಮರವನ್ನು ಕಪ್ಪಾಗಿಸಿ ನಾರು ಎಬ್ಬಿಸುತ್ತದೆ. ಬೆಂಕಿಯಿಂದ ಬಿಸಿ ಮಾಡುವುದಂತೂ ಸಲ್ಲದು. ಜೋಡಿ ನಳಿಗೆಯ ಬಂದೂಕುಗಳಲ್ಲಿ ನಳಿಗೆಗಳನ್ನು ಬೆಸೆದಿರುವ ಬೆಸುಗೆಯೇ ಸಡಿಲವಾಗಬಹುದು. ಕೊನೆಗೆ ಗೊತ್ತಾದದ್ದು ಅಸಿಟೋನ್. ಅದು ಹುಳಿಯಲ್ಲ, ಕಪ್ಪು ತುಕ್ಕನ್ನು ಮುಟ್ಟುವುದಿಲ್ಲ. ಆದರೆ ಮರದ ಮೇಲಿನ ಪಾಲಿಶನ್ನೂ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ.

ಜುಲೈನಲ್ಲಿ ಮಳೆ ಬಿಟ್ಟ ಒಂದು ಭಾನುವಾರಕ್ಕಾಗಿ ಕಾದೆವು. ಅದಕ್ಕೂ ಕಾರಣವಿದೆ. ಅಸಿಟೋನ್ ಬಲು ಬೇಗ ಆರಿಹೋಗುತ್ತದೆ. ಆರುವಾಗ ಕಬ್ಬಿಣವನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವವಿದ್ದರೆ ಆ ತಣ್ಣನೆಯ ಕಬ್ಬಿಣದ ಮೇಲೆ ನೀರು ಕೂರುತ್ತದೆ. ಎಣ್ಣೆಯೂ ಇಲ್ಲದ ಬರಿಗಬ್ಬಿಣಕ್ಕೆ ಅಷ್ಟು ಸಾಕು. ಕೆಲಸ ನಡೆದದ್ದು ಕೋಲಾರದ ಮನೆಯ ತಾರಸಿಯ ಮೇಲೆ. ಅಸಿಟೋನಿನ ಹಬೆ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಒಲೆ ಇಲ್ಲ, ಬೀಡಿ ಇಲ್ಲ. ಅಬ್ಬಾ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕುಳಿತರು. ಬಂದೂಕು ಅವರ ಹೆಸರಿನಲ್ಲಿದೆ, ಅವರ ಕಣ್ಣೆದುರಿಗೇ ಆಗಬೇಕಲ್ಲವೇ?

ಮೊದಲು ನಳಿಗೆಯನ್ನು ಮಡಚಿ ತೋಟಾ ಇಲ್ಲವೆಂದು ಒಬ್ಬರು ನೋಡಿದೆವು, ಆಮೇಲೆ ಇನ್ನೊಬ್ಬರು ನೋಡಿದೆವು. ಖಾಲಿ ಎಂದು ಗೊತ್ತಿದ್ದರೂ ಹಾಗೆ ನೋಡಬೇಕೆಂದು ದಾದಾರ ಕಾಲದ ಕಟ್ಟಳೆ. ನಳಿಗೆ, ಅದರ ಕೆಳಗಿನ ಮರದ ತುಂಡು, ಹಿಡಿ ಮೂರನ್ನೂ ಬಿಡಿಸಿ ಮರವನ್ನು ದೂರ ಇಟ್ಟೆವು. ಘೋಡಾ ಇರುವ ಭಾಗ ಮರಕ್ಕೆ ಅಂಟಿಕೊಂಡೇ ಇತ್ತು. ಅದರ ತಿರುಪುಗಳಿಗೆ ಕೈ ಹಾಕಲಿಲ್ಲ, ಅದು ಪರವಾನಗಿ ಇರುವ ರಿಪೇರಿಯವರ ಕೆಲಸ. ಅಲ್ಲಿ ಮರದಂಚಿಗೆ ಟೇಪು ಅಂಟಿಸಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಮಾತ್ರ ಒರೆಸುವುದೆಂದು ತೀರ್ಮಾನಿಸಿದೆವು.

ನಳಿಗೆಯ ಅಡಿಭಾಗದಲ್ಲಿ, ಮರ ಮುಚ್ಚುವ ಜಾಗದಲ್ಲಿ ಮೊದಲ ಪರೀಕ್ಷೆ. ಹತ್ತಿಯನ್ನು ಅಸಿಟೋನಿನಲ್ಲಿ ನೆನೆಸಿ ಇಟ್ಟು ಹತ್ತರವರೆಗೆ ಎಣಿಸಿ ತೆಗೆದರೆ ಹತ್ತಿ ಕಪ್ಪು, ಕೆಳಗಿನ ನೀಲಿ ಹಾಗೇ ಇದೆ! ಆಮೇಲೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳನ್ನು ನೆನೆಸಿ ನಳಿಗೆಗೆ ಸುತ್ತಿ, ಬೇಗ ಆರದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಐದು ನಿಮಿಷ ಬಿಟ್ಟೆವು. ಬಿಚ್ಚಿ ಒಂದೇ ದಿಕ್ಕಿಗೆ ಒರೆಸುವುದು, ಬಟ್ಟೆ ಬದಲಿಸುವುದು. ಅದೇ ಬಟ್ಟೆಯಿಂದ ಹಿಂದೆ ಮುಂದೆ ಉಜ್ಜಿದರೆ ಕರಗಿದ ಬಣ್ಣ ಮತ್ತೆ ಅಲ್ಲೇ ಮೆತ್ತಿಕೊಳ್ಳುತ್ತದೆ. ಸಂದಿಗಳಲ್ಲಿ ಉಳಿದದ್ದಕ್ಕೆ ಹಲ್ಲುಜ್ಜುವ ಹಳೆಯ ಬ್ರಷ್ಷು, ಚೂಪು ಮಾಡಿದ ಬಿದಿರಿನ ಕಡ್ಡಿ. ಸೂಜಿಯನ್ನಾಗಲಿ ಬ್ಲೇಡನ್ನಾಗಲಿ ಹತ್ತಿರ ತರಲಿಲ್ಲ, ಅವು ಕಬ್ಬಿಣದ ಮೇಲೆ ಗೀರು ಬೀಳಿಸುತ್ತವೆ.

ಸಂಖ್ಯೆ ಇದ್ದ ಜಾಗವನ್ನು ಕೊನೆಗೆ ಇಟ್ಟುಕೊಂಡೆವು. ಅಲ್ಲಿ ಬಟ್ಟೆ ಸುತ್ತಿ ಬಿಚ್ಚಿದಾಗ ಮೊದಲು ಕಂಡದ್ದು ಒಂದು ಪುಟ್ಟ ಕಿರೀಟ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಬಂದೂಕಿನ ನಳಿಗೆಗಳನ್ನು ಪರೀಕ್ಷಿಸುವ ಒಂದು ಸಂಸ್ಥೆಯಿದೆ. ಹೆಚ್ಚಿನ ಮದ್ದು ತುಂಬಿ ಹಾರಿಸಿ, ಸಿಡಿಯದ ನಳಿಗೆಗೆ ಮಾತ್ರ ಕಿರೀಟದ ಮುದ್ರೆ ಒತ್ತುತ್ತಾರೆ. ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದರೂ ಆ ಕಿರೀಟವನ್ನು ನಾವು ನೋಡಿರಲೇ ಇಲ್ಲ. ಅದರ ಪಕ್ಕದಲ್ಲಿ ಒಂದೊಂದಾಗಿ ಅಂಕಿಗಳು. ಹಿರಿಯವರು ಪರವಾನಗಿ ಪುಸ್ತಕ ಹಿಡಿದು ನಿಂತಿದ್ದರು. ಕಿರಿಯವನು ಬಿದಿರು ಕಡ್ಡಿಯಿಂದ ಒಂದು ಅಂಕಿ ಬಿಡಿಸಿ ಓದುವುದು, ಇವರು ಪುಸ್ತಕ ನೋಡಿ “ಹೂಂ” ಎನ್ನುವುದು. ಕೊನೆಯ ಅಂಕಿಗೆ “ಹೂಂ” ಎಂದಾಗ ಅಮ್ಮಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

ಮರದ ಸರದಿ ನಡುವಿನವರದು. ಹಳೆಯ ಹಿಡಿಗಳಿಗೆ ಅಗಸೆ ಎಣ್ಣೆ ಕುಡಿಸಿರುತ್ತಾರೆ ಇಲ್ಲವೇ ಅರಗಿನ ಪಾಲಿಶ್ ಮಾಡಿರುತ್ತಾರೆ. ಅಸಿಟೋನ್ ತಾಗಿದರೆ ಬಣ್ಣದ ಜೊತೆ ಪಾಲಿಶ್ ಕೂಡ ಎದ್ದು ಬರುತ್ತದೆ. ಅವರು ಅಗಸೆ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಚಿಮ್ಮಿದ ಹನಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಉಳಿದದ್ದಕ್ಕೆ ಅತಿ ನವಿರಾದ ಉಕ್ಕಿನ ನೂಲನ್ನು ಎಣ್ಣೆಯಲ್ಲಿ ಅದ್ದಿ, ಮರದ ಎಳೆ ಹೋದ ಕಡೆಗೇ ಹಗುರವಾಗಿ ಒರೆಸಿದರು. ಅಷ್ಟಕ್ಕೇ ಸಂಜೆಯಾಯಿತು.

ಅಷ್ಟರಲ್ಲಿ ನಳಿಗೆಗೆ ಎಣ್ಣೆ ಹಚ್ಚಿಯಾಗಿತ್ತು. ಅಸಿಟೋನ್ ಬಣ್ಣದ ಜೊತೆಗೆ ಇದ್ದ ಎಣ್ಣೆಯನ್ನೂ ತೊಳೆದಿರುತ್ತದೆ, ತಡ ಮಾಡಿದರೆ ಅಂದೇ ರಾತ್ರಿ ತುಕ್ಕು. ಹೊಲಿಗೆ ಯಂತ್ರದ ಎಣ್ಣೆಯನ್ನೇ ತೆಳುವಾಗಿ ಸವರಿದೆವು. ಕೆಂಪು ಚುಕ್ಕೆಗಳಿಗೂ ಅದೇ ಎಣ್ಣೆ ಹಾಕಿ ಒಂದು ದಿನ ಬಿಟ್ಟು, ಒರಟು ಬಟ್ಟೆಯಿಂದ ಒರೆಸಿದಾಗ ಬಹುಪಾಲು ಹೋದವು. ಅಷ್ಟು ಮಾತ್ರಕ್ಕೆ ನಾವು ಬಣ್ಣ ಬಳಿದದ್ದು!

ಎಲ್ಲ ಜೋಡಿಸಿ ಅಬ್ಬಾರ ಮಡಿಲಿಗೆ ಇಟ್ಟೆವು. ಅವರ ಬೆರಳು ನಳಿಗೆ ತೂಗುವ ನಡುಭಾಗಕ್ಕೆ ಹೋಗಿ ನಿಂತಿತು. ಅಲ್ಲಿ ಅಂಗೈಯಗಲದಷ್ಟು ಜಾಗದಲ್ಲಿ ನೀಲಿಗಪ್ಪು ಮಾಸಿ ಬೂದುಬಣ್ಣವಾಗಿದೆ. ನಮ್ಮ ಕೆಲಸದಿಂದಲೇ ಸವೆಯಿತೆಂದು ನಾವು ಗಾಬರಿಯಾದೆವು. ಅಬ್ಬಾ ತಲೆಯಾಡಿಸಿದರು. “ಇದು ನೀವು ಮಾಡಿದ್ದಲ್ಲ. ನಿಮ್ಮ ದಾದಾ ಇಲ್ಲೇ ಹಿಡಿದು ತೋಪು ಸುತ್ತುತ್ತಿದ್ದರು. ಕೈಯ ಬೆವರು” ಎಂದರು. ಆವತ್ತು ಅವರು ತಡವಿ ಹುಡುಕಿದ್ದು, ಸಿಗದೆ “ಇದು ಯಾರದು” ಎಂದು ಕೇಳಿದ್ದು ಈ ಜಾಗಕ್ಕಾಗಿಯೇ. ನಮಗೆ ಅದು ಸವೆದ ಕಬ್ಬಿಣ. ಅವರಿಗೆ ತಮ್ಮ ತಂದೆಯ ಕೈ.

ಅಂದಿನಿಂದ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹೋದರೂ ನಮ್ಮ ಕಣ್ಣು ಬಣ್ಣದ ಮೇಲೆಯೇ. ಹಳೆಯ ಮನೆಗಳ ತೇಗದ ಬಾಗಿಲಿಗೆ ಎನಾಮೆಲ್, ಕೆತ್ತನೆಯ ಕಂಬಗಳಿಗೆ ಎಣ್ಣೆಬಣ್ಣ, ದರ್ಗಾಗಳ, ಗುಡಿಗಳ ಕಲ್ಲಿನ ಮೇಲೆ ವರ್ಷಕ್ಕೊಂದು ಪದರ. ಯಾರೂ ಕೇಡು ಬಯಸಿ ಬಳಿದದ್ದಲ್ಲ. ಎಲ್ಲರೂ ಹಬ್ಬಕ್ಕೆ, ಉರುಸಿಗೆ, ಜಾತ್ರೆಗೆ ಚೆಂದ ಕಾಣಲಿ ಎಂದೇ ಬಳಿದವರು. ಮುಂದೊಂದು ದಿನ ಯಾರೋ ಬಂದು ಅದೆಲ್ಲವನ್ನೂ ಒಂದೇ ದಿನದಲ್ಲಿ ತೆಗೆಯುತ್ತೇವೆಂದು ಮರಳನ್ನು ರಭಸವಾಗಿ ಚಿಮ್ಮಿಸುವ ಯಂತ್ರ ತರುತ್ತಾರೆ. ಆಗ ಬಣ್ಣದ ಜೊತೆ ಕೆತ್ತನೆಯ ನವಿರೂ ಹೋಗುತ್ತದೆ. ಬಳಿಯುವ ಮೊದಲೂ ತೆಗೆಯುವ ಮೊದಲೂ ಕೇಳಬೇಕಾದ ಪ್ರಶ್ನೆ ಶಿವಾರಪಟ್ಟಣದ ಆಚಾರಿಗಳದ್ದೇ: ಕೆಳಗಿರುವುದು ಏನು?

ನಮ್ಮ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ. ಈ ಬಂದೂಕು ನಮಗೆ ಬೇಕೇ? ತೋಪಿನ ಗುತ್ತಿಗೆ ನಿಂತು ಬಹಳ ಕಾಲವಾಯಿತು. ಕಾಡುಪ್ರಾಣಿಗೆ ಗುಂಡು ಹಾರಿಸುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಹಾರಿಸುವ ಆಸೆಯೂ ನಮಗಿಲ್ಲ. ಒಪ್ಪಿಸಿಬಿಡೋಣ, ಅಮ್ಮಿಗೆ ನೆಮ್ಮದಿ ಎನ್ನುತ್ತಾರೆ ನಡುವಿನವರು. ಇರಲಿ ಎನ್ನುತ್ತಾರೆ ಹಿರಿಯವರು. ಅಬ್ಬಾ ಎರಡಕ್ಕೂ ಒಪ್ಪಿದವರೇ. “ಇಟ್ಟುಕೊಂಡರೂ ಸರಿ, ಒಪ್ಪಿಸಿದರೂ ಸರಿ. ಆದರೆ ಅದರ ಸ್ವಂತ ಮುಖದಲ್ಲಿ ಒಪ್ಪಿಸಬೇಕು” ಎಂದಷ್ಟೇ ಅವರ ಮಾತು. ನಾವಿನ್ನೂ ತೀರ್ಮಾನಿಸಿಲ್ಲ.

ನಳಿಗೆಯ ತುದಿಯಲ್ಲಿ ಎಮರಿ ಕಾಗದ ತಿಂದ ಬೆರಳಗಲದ ಬಿಳಿ ಜಾಗ ಹಾಗೆಯೇ ಇದೆ. ಅದಕ್ಕೆ ಹಚ್ಚುವ ದ್ರಾವಣ ಸಿಗುತ್ತದೆ, ಹಚ್ಚಿದರೆ ಕಪ್ಪಾಗುತ್ತದೆ ಎಂದು ಹೇಳಿದವರಿದ್ದಾರೆ. ನಾವು ಹಚ್ಚಿಲ್ಲ. ಗೋಣಿಚೀಲ ಹೋಗಿ ಈಗ ಎಣ್ಣೆ ಸವರಿದ ಹತ್ತಿ ಬಟ್ಟೆ ಬಂದಿದೆ. ಕಿರಿಯವನು ಪ್ರತಿ ತಿಂಗಳೂ ಮಾಲೂರಿನಿಂದ ಬಂದು, ಅಬ್ಬಾರ ಎದುರು ಕುಳಿತು, ಆ ಬಿಳಿ ಜಾಗಕ್ಕೆ ಎಲ್ಲಕ್ಕಿಂತ ಮೊದಲು ಎಣ್ಣೆ ಹಚ್ಚುತ್ತಾನೆ. ಬೇಗ ತುಕ್ಕು ಹಿಡಿಯುವುದು ಅಲ್ಲೇ ತಾನೆ!